ಅರವರಿ: ಹೊಳೆ ಮರಳಿದ ಮೇಲೆ ಶುರುವಾದ ಕೆಲಸ

1996ರಲ್ಲಿ ರಾಜಸ್ಥಾನದ ಅಲ್ವರ್ ಜಿಲ್ಲೆಯ ಹಮೀರ್‌ಪುರ ಎಂಬ ಹಳ್ಳಿಯಲ್ಲಿ ಒಂದು ಜಗಳ ಶುರುವಾಯಿತು. ಊರ ಪಕ್ಕದ ಅರವರಿ ಹೊಳೆಯಲ್ಲಿ ಮೀನು ಹಿಡಿಯುವ ಹಕ್ಕನ್ನು ಸರ್ಕಾರ ಹೊರಗಿನ ಒಬ್ಬ ಗುತ್ತಿಗೆದಾರನಿಗೆ ಕೊಟ್ಟಿತ್ತು. ಹತ್ತು ವರ್ಷದ ಹಿಂದೆ ಆ ಹೊಳೆಯಲ್ಲಿ ಮೀನಿನ ಮಾತಿರಲಿ, ಮಳೆಗಾಲ ಕಳೆದ ಮೇಲೆ ನೀರೇ ಇರುತ್ತಿರಲಿಲ್ಲ. ನೀರು ಬರುವಂತೆ ಮಾಡಿದ್ದು ಸುತ್ತಲಿನ ಹಳ್ಳಿಗಳ ಜನ. ವರ್ಷಗಟ್ಟಲೆ ಮಣ್ಣು ಹೊತ್ತು ಮಾಡಿದ್ದರು. ಅದಕ್ಕೆ ಅವರು ದಡದಲ್ಲಿ ಸತ್ಯಾಗ್ರಹ ಕೂತರು. ಇವತ್ತು ಮೀನು ಒಯ್ದವರು ನಾಳೆ ನೀರನ್ನೂ ಒಯ್ಯುತ್ತಾರೆ ಎಂಬುದು ಅವರ ಭಯ. ಕೊನೆಗೆ ಗುತ್ತಿಗೆ ರದ್ದಾಯಿತು.

ಅರವರಿಯ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ‘ಬತ್ತಿದ ನದಿ ಮತ್ತೆ ಹರಿಯಿತು’ ಎಂಬಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಅದು ನಿಜಕ್ಕೂ ದೊಡ್ಡ ಸಂಗತಿ. ಆದರೆ ಕೆರೆ, ಹಳ್ಳ, ಹೊಳೆ ಉಳಿಸಲು ಹೊರಟಿರುವ ನಮ್ಮಂಥವರು ಜಾಸ್ತಿ ಗಮನಿಸಬೇಕಾದದ್ದು ಆ ಮೀನಿನ ಜಗಳದ ನಂತರ ನಡೆದದ್ದನ್ನು ಅನ್ನುವುದು ನನ್ನ ಅನಿಸಿಕೆ. ನೀರು ತರಲು ಊರು ಒಂದಾಗುತ್ತದೆ. ಬಂದ ನೀರನ್ನು ಎಷ್ಟು ಬಳಸಬೇಕು, ಯಾವ ಬೆಳೆ ಬಿಡಬೇಕು ಎಂದು ಕೂತು ತೀರ್ಮಾನಿಸುವುದು ಅದಕ್ಕಿಂತ ಕಷ್ಟ. ಅರವರಿಯ ಜನ ಆ ಕಷ್ಟದ ಕೆಲಸಕ್ಕೂ ಕೈ ಹಾಕಿದರು. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ನೋಡಬೇಕು.

ಬರಡಾದದ್ದು ಹೇಗೆ

ಅರವರಿ ದೊಡ್ಡ ನದಿಯಲ್ಲ. ಉದ್ದ ಸುಮಾರು 45 ಕಿಲೋಮೀಟರ್. ಅರಾವಳಿ ಗುಡ್ಡಗಳಲ್ಲಿ, ಥಾನಾಗಾಜಿ ತಾಲ್ಲೂಕಿನ ಕಡೆ ಹುಟ್ಟಿ ಸೈಂಥಲ್ ಸಾಗರ ಎಂಬ ಜಲಾಶಯ ಸೇರುತ್ತದೆ. ಸರಿಸ್ಕಾ ಹುಲಿ ಅಭಯಾರಣ್ಯ ಇರುವುದೂ ಇದೇ ಸೀಮೆಯಲ್ಲಿ. ಇಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ನಮ್ಮ ಚಿತ್ರದುರ್ಗ, ಬಳ್ಳಾರಿ ಕಡೆಯವರಿಗೆ ಈ ಅಳತೆ ಹೊಸದೇನಲ್ಲ. ಆದರೆ ಅಲ್ಲಿ ಬಹುಪಾಲು ಮಳೆ ಜುಲೈನಿಂದ ಸೆಪ್ಟೆಂಬರ್ ಒಳಗೇ ಬಿದ್ದು ಮುಗಿಯುತ್ತದೆ. ಕೆಲವೇ ದಿನ ಜೋರಾಗಿ ಸುರಿಯುತ್ತದೆ. ಆ ನೀರನ್ನು ಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಿಂದೆ ಹಿಡಿಯುತ್ತಿದ್ದರು. ಪ್ರತಿ ಹಳ್ಳಿಗೂ ಜೋಹಡ್ ಇತ್ತು. ಜೋಹಡ್ ಎಂದರೆ ಇಳಿಜಾರಿಗೆ ಅಡ್ಡವಾಗಿ ಬಿಲ್ಲಿನ ಆಕಾರದಲ್ಲಿ ಕಟ್ಟಿದ ಮಣ್ಣಿನ ಏರಿ, ಅದರ ಹಿಂದೆ ನಿಲ್ಲುವ ನೀರು. ನಮ್ಮ ಕಟ್ಟೆಗೆ ಹತ್ತಿರದ್ದು. ಗುಡ್ಡದಲ್ಲಿ ಕಾಡಿತ್ತು. ಆದರೆ ಅರಸರ ಕಾಲದಲ್ಲಿ ಕಾಡು ಶಿಕಾರಿಗೆ ಮೀಸಲಾಯಿತು, ಊರಿನವರ ಕೈ ತಪ್ಪಿತು. ಸ್ವಾತಂತ್ರ್ಯದ ಹಿಂದುಮುಂದಿನ ವರ್ಷಗಳಲ್ಲಿ ಮರ ಮತ್ತು ಇದ್ದಿಲಿನ ಗುತ್ತಿಗೆದಾರರು ಗುಡ್ಡಗಳನ್ನು ಬೋಳು ಮಾಡಿದರು. ಬೋಳು ಗುಡ್ಡದ ಮಣ್ಣು ಮಳೆಗೆ ಕೊಚ್ಚಿ ಬಂದು ಜೋಹಡ್‌ಗಳಲ್ಲಿ ತುಂಬಿತು. ಹೂಳೆತ್ತುವ ರೂಢಿಯೂ ಅಷ್ಟೊತ್ತಿಗೆ ನಿಂತುಹೋಗಿತ್ತು. ಬಾವಿಗಳು ಒಣಗಿದವು. 1980ರ ದಶಕದಲ್ಲಿ ಸರ್ಕಾರವೇ ಈ ಪ್ರದೇಶವನ್ನು ಅಂತರ್ಜಲ ತೀರಾ ಕುಸಿದ ‘ಡಾರ್ಕ್ ಝೋನ್’ ಎಂದು ಗುರುತಿಸಿತು. ಗಂಡಸರು ಕೂಲಿ ಹುಡುಕಿ ದೆಹಲಿ, ಅಹಮದಾಬಾದ್ ಸೇರಿದರು. ಮನೆಯಲ್ಲಿ ಉಳಿದ ಹೆಂಗಸರು ಮೈಲುಗಟ್ಟಲೆ ನಡೆದು ನೀರು ಹೊತ್ತರು. ಉತ್ತರ ಕರ್ನಾಟಕದಿಂದ ಗೋವಾ, ಮುಂಬೈಗೆ ಗುಳೆ ಹೋಗುವವರ ಊರುಗಳನ್ನು ಕಂಡವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಿಲ್ಲ.

ಔಷಧ ಬೇಡ, ನೀರು ಬೇಕು

1985ರ ಅಕ್ಟೋಬರ್ 2ರಂದು ಐವರು ಯುವಕರು ಜೈಪುರದಿಂದ ಬಸ್ಸು ಹತ್ತಿ ಅದರ ಕೊನೆಯ ನಿಲ್ದಾಣವಾದ ಕಿಶೋರಿ ಎಂಬ ಊರಿನಲ್ಲಿ ಇಳಿದರು. ಅವರಲ್ಲಿ ಒಬ್ಬರು ರಾಜೇಂದ್ರ ಸಿಂಗ್. ಉತ್ತರ ಪ್ರದೇಶದವರು, ಆಯುರ್ವೇದ ಓದಿದವರು, ಸರ್ಕಾರಿ ಕೆಲಸ ಬಿಟ್ಟು ಬಂದವರು. ಇವರ ಸಂಸ್ಥೆಯ ಹೆಸರು ತರುಣ ಭಾರತ ಸಂಘ. ಊರಿನವರಿಗೆ ಮೊದಲು ಇವರ ಮೇಲೆ ಅನುಮಾನವೇ. ಗೊತ್ತುಗುರಿಯಿಲ್ಲದ ಹುಡುಗರು ಸುಮ್ನೆ ಯಾಕೆ ಬರುತ್ತಾರೆ, ಅಲ್ವಾ?

ಇವರು ಬಂದದ್ದು ಔಷಧ ಕೊಡಲು, ಮಕ್ಕಳಿಗೆ ಪಾಠ ಹೇಳಲು. ಇರುಳುಗುರುಡು ಆ ಊರುಗಳಲ್ಲಿ ವಿಪರೀತ ಇತ್ತು. ಆದರೆ ಗೋಪಾಲಪುರದ ಒಬ್ಬ ಹಿರಿಯ ರೈತರು ನೇರವಾಗಿ ಹೇಳಿದರು: ಔಷಧವೂ ಬೇಡ, ಶಾಲೆಯೂ ಬೇಡ, ಮೊದಲು ನೀರಿಗೆ ಏನಾದರೂ ಮಾಡಿ. ಎಲ್ಲಿ ಅಗೆಯಬೇಕು ಎಂದು ತೋರಿಸಿಕೊಟ್ಟವರೂ ಅವರೇ. ಪಟ್ಟಣದ ಯುವಕರಿಗೆ ಜಾಗ ಆರಿಸುವುದೂ ಗೊತ್ತಿರಲಿಲ್ಲ, ಏರಿ ಕಟ್ಟುವುದೂ ಗೊತ್ತಿರಲಿಲ್ಲ. ಹೊರಗಿನಿಂದ ಬಂದವರು ತಾವು ತಂದ ಯೋಜನೆಯನ್ನು ಪಕ್ಕಕ್ಕಿಟ್ಟು ಊರು ಕೇಳಿದ್ದನ್ನು ಮಾಡಿದರು. ಮುಂದಿನ ಎಲ್ಲಕ್ಕೂ ಬುನಾದಿ ಬಿದ್ದದ್ದು ಇಲ್ಲಿಯೇ.

ಗೋಪಾಲಪುರದ ಹಳೆಯ ಜೋಹಡ್‌ನ ಹೂಳು ತೆಗೆದರು. ಮಳೆ ಬಂದಾಗ ಅದು ತುಂಬಿತು, ಕೆಳಗಿನ ಬಾವಿಗಳಲ್ಲಿ ನೀರು ಕಂಡಿತು. ಅದರ ಬೆನ್ನಿಗೇ ನೀರಾವರಿ ಇಲಾಖೆಯ ನೋಟಿಸೂ ಬಂತು. 1954ರ ರಾಜ್ಯ ಕಾಯ್ದೆಯ ಪ್ರಕಾರ ಹರಿಯುವ ನೀರು ಸರ್ಕಾರದ್ದು, ಅನುಮತಿಯಿಲ್ಲದೆ ಏರಿ ಕಟ್ಟುವ ಹಾಗಿಲ್ಲ ಎಂಬ ವಾದ. ಊರಿನವರು ಜಗ್ಗಲಿಲ್ಲ. ನಮ್ಮ ಹೊಲದ ಮೇಲೆ ಬಿದ್ದ ಮಳೆಯನ್ನು ನಾವು ನಿಲ್ಲಿಸಿದ್ದೇವೆ ಎಂದರು. ಏರಿ ಉಳಿಯಿತು.

ಒಂದೊಂದೇ ಏರಿ

ಅರವರಿಯ ತಲೆಯ ಕಡೆ, ಗುಡ್ಡದ ಬುಡದಲ್ಲಿ, ಭಾಂವತಾ ಮತ್ತು ಕೋಲ್ಯಾಲಾ ಎಂಬ ಜೋಡಿ ಹಳ್ಳಿಗಳಿವೆ. 1986–87ರ ಸುಮಾರಿಗೆ ಅಲ್ಲಿ ಕೆಲಸ ಶುರುವಾಯಿತು. ಅಲ್ಲಿಂದ ಕೆಳಗಿನ ಊರುಗಳಿಗೆ ಹಬ್ಬಿತು. ಹೊಳೆಯನ್ನೇ ಉಳಿಸುತ್ತೇವೆ ಎಂದು ಆಗ ಯಾರೂ ಹೊರಟಿರಲಿಲ್ಲ. ಅವರವರ ಊರಿನ ಬಾವಿಗೆ ನೀರು ಬಂದರೆ ಸಾಕಿತ್ತು. ಊರೂರಿನ ಏರಿಗಳು ಸೇರಿ ಹೊಳೆಗೆ ಜೀವ ಬಂದದ್ದು ಆಮೇಲಿನ ಮಾತು.

ಕೆಲಸದ ಕ್ರಮ ಸರಳವಾಗಿತ್ತು. ಊರಿನವರೆಲ್ಲ ಗ್ರಾಮಸಭೆಯಲ್ಲಿ ಕೂತು ಏರಿ ಬೇಕೋ ಬೇಡವೋ, ಎಲ್ಲಿ ಬೇಕು, ಯಾರ ಹೊಲ ಮುಳುಗುತ್ತದೆ ಎಂದು ಮಾತಾಡಿ ಒಮ್ಮತಕ್ಕೆ ಬರಬೇಕು. ಒಮ್ಮತ ಇಲ್ಲವೆಂದರೆ ಕೆಲಸವೂ ಇಲ್ಲ. ಖರ್ಚಿನಲ್ಲಿ ಕನಿಷ್ಠ ಕಾಲು ಭಾಗ ಊರಿನದ್ದು. ಎಷ್ಟೋ ಕಡೆ ಅದಕ್ಕಿಂತ ಜಾಸ್ತಿ. ಹೆಚ್ಚಿನ ಪಾಲು ಶ್ರಮದಾನ, ಕಲ್ಲು, ಮಣ್ಣಿನ ರೂಪದಲ್ಲಿ. ಉಳಿದದ್ದನ್ನು ಸಂಘ ದಾನಿಗಳಿಂದ ತರುತ್ತಿತ್ತು. ಪೂರ್ತಿ ಬಿಟ್ಟಿಯಾಗಿ ಕಟ್ಟಿಕೊಟ್ಟಿದ್ದರೆ ಏರಿ ಒಡೆದ ದಿನ ಊರು ಸಂಘದ ದಾರಿ ಕಾಯುತ್ತಿತ್ತು. ತಾವೇ ಮಣ್ಣು ಹೊತ್ತ ಏರಿಯನ್ನು ಜನ ತಾವೇ ರಿಪೇರಿ ಮಾಡುತ್ತಾರೆ.

ಜೋಹಡ್‌ನ ಕೆಲಸವೇನು ಎಂದು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಮುಂದಿನ ಕಟ್ಟುಪಾಡುಗಳು ಅರ್ಥವಾಗುವುದು ಇದರಿಂದಲೇ. ನೀರನ್ನು ಕೂಡಿಟ್ಟು ಕಾಲುವೆಯಲ್ಲಿ ಹಾಯಿಸುವುದಕ್ಕಾಗಿ ಇದನ್ನು ಕಟ್ಟುವುದಿಲ್ಲ. ನೀರನ್ನು ನಿಲ್ಲಿಸಿ ನೆಲಕ್ಕೆ ಇಂಗಿಸುವುದಕ್ಕೆ ಕಟ್ಟುತ್ತಾರೆ. ಆ ಬಿಸಿಲಿಗೆ ಬಯಲಲ್ಲಿ ನಿಂತ ನೀರು ಬೇಗ ಆವಿಯಾಗುತ್ತದೆ, ನೆಲದೊಳಗೆ ಹೋದರೆ ಉಳಿಯುತ್ತದೆ. ಅರಾವಳಿಯ ಬಂಡೆಗಳ ಬಿರುಕಿನಲ್ಲಿ ಇಳಿದ ನೀರು ಕೆಳಗಿನ ಬಾವಿಗಳಿಗೆ ಬರುತ್ತದೆ. ಜೋಹಡ್ ಒಣಗುತ್ತಿದ್ದಂತೆ ಅದರ ಒಳಗಿನ ಹಸಿ ಮಣ್ಣಿನಲ್ಲೇ ಗೋಧಿ ಬಿತ್ತುತ್ತಾರೆ. ಮಳೆ ಮಿತಿ ಮೀರಿದರೆ ನೀರು ಹೊರಗೆ ಹೋಗಲು ಒಂದು ಬದಿಯಲ್ಲಿ ಕೋಡಿ ಇರುತ್ತದೆ.

ಹೀಗೆ ಒಂದು ಕಣಿವೆಯ ತುಂಬ ನೂರಾರು ಜೋಹಡ್ ಮತ್ತು ಸಣ್ಣ ಕಟ್ಟೆಗಳು ಆದಾಗ ಬಾವಿಗಳ ನೀರಿನ ಮಟ್ಟ ಏರುತ್ತಾ ಹೋಗುತ್ತದೆ. ಅದು ಹೊಳೆಯ ತಳಕ್ಕಿಂತ ಮೇಲೆ ಬಂದಾಗ ನೆಲದೊಳಗಿನ ನೀರು ಪಕ್ಕಕ್ಕೆ ಜಿನುಗಿ ಹೊಳೆಗೆ ಬೀಳುತ್ತದೆ. ಮಳೆ ನಿಂತ ಮೇಲೂ ಹೊಳೆ ಹರಿಯುವುದು ಇದರಿಂದ. ಅರವರಿಯಲ್ಲಿ ಆದದ್ದು ಇದೇ. 1990ರ ಹೊತ್ತಿಗೆ ಅಕ್ಟೋಬರ್‌ವರೆಗೂ ಹರಿವು ಕಂಡಿತು. ವರ್ಷದಿಂದ ವರ್ಷಕ್ಕೆ ಅದು ಮುಂದಕ್ಕೆ ಹೋಯಿತು. 375ರಷ್ಟು ರಚನೆಗಳು ಮುಗಿದ ಮೇಲೆ, 1995ರಲ್ಲಿ, ಹೊಳೆ ವರ್ಷವಿಡೀ ಹರಿಯಿತು ಎಂದು ಸಂಘ ಹೇಳಿತು. ಇದೇ ಸೀಮೆಯ ರೂಪಾರೇಲ್, ಸರ್ಸಾ, ಜಹಾಜ್‌ವಾಲಿ, ಭಗಾಣಿ ಹೊಳೆಗಳಲ್ಲೂ ಇಂಥ ಕೆಲಸ ನಡೆಯಿತು.

ಇದರ ಜೊತೆ ಗುಡ್ಡವನ್ನೂ ಕಾಯಬೇಕಿತ್ತು. ಬೋಳು ಗುಡ್ಡದ ಕೆಳಗೆ ಎಷ್ಟು ಏರಿ ಕಟ್ಟಿದರೂ ಅದು ಮತ್ತೆ ಹೂಳಾಗುತ್ತದೆ. ಭಾಂವತಾ-ಕೋಲ್ಯಾಲಾದವರು 1995ರಲ್ಲಿ ತಮ್ಮ ಕಾಡನ್ನು ಭೈರೋಂದೇವರ ಹೆಸರಿನಲ್ಲಿ ಜನರದ್ದೇ ಅಭಯಾರಣ್ಯ ಎಂದು ಘೋಷಿಸಿಕೊಂಡರು. ಸರ್ಕಾರದ ಆದೇಶ ಏನೂ ಇರಲಿಲ್ಲ. ಹಸಿ ಮರ ಕಡಿಯುವುದಿಲ್ಲ, ಬೇಟೆಯಾಡುವುದಿಲ್ಲ ಎಂದು ಊರೇ ಮಾತು ಕೊಟ್ಟುಕೊಂಡಿತು. ಸರಿಸ್ಕಾ ಕಡೆಯ ಕಲ್ಲುಗಣಿಗಳ ವಿರುದ್ಧ ತರುಣ ಭಾರತ ಸಂಘ 1991ರಲ್ಲಿ ಸುಪ್ರೀಂ ಕೋರ್ಟಿಗೂ ಹೋಯಿತು. ಅಭಯಾರಣ್ಯದ ಒಳಗಿನ ಗಣಿಗಾರಿಕೆಗೆ ಕೋರ್ಟು ತಡೆ ಹಾಕಿತು.

ಹೊಳೆಗೊಂದು ಸಂಸತ್ತು

ಮತ್ತೆ ಮೀನಿನ ಗುತ್ತಿಗೆಗೆ ಬರೋಣ. ಗುತ್ತಿಗೆ ರದ್ದಾದರೂ ಪ್ರಶ್ನೆ ಉಳಿಯಿತು. ಈ ನೀರು ಯಾರದ್ದು? ಪ್ರಶ್ನೆ ಸರ್ಕಾರಕ್ಕೆ ಮಾತ್ರ ಸೇರಿದ್ದಲ್ಲ, ಊರೂರಿನ ನಡುವಿನದ್ದೂ ಹೌದು. ಮೇಲಿನ ಹಳ್ಳಿಯವರು ಏರಿ ಕಟ್ಟಿದ್ದರಿಂದ ಕೆಳಗಿನ ಹಳ್ಳಿಯ ಹೊಳೆಗೆ ನೀರು ಬಂತು. ಈಗ ಕೆಳಗಿನವರು ಅದೇ ನೀರಿಗೆ ಪಂಪು ಇಟ್ಟು ಕಬ್ಬು ಹಾಕಿದರೆ? ಮೇಲಿನವರೇ ಕಬ್ಬು ಹಾಕಿದರೆ ಕೆಳಗಿನವರ ಗತಿ?

1999ರ ಜನವರಿ 26ರಂದು ಹಮೀರ್‌ಪುರದಲ್ಲಿ ಅರವರಿ ಸಂಸತ್ತು ಹುಟ್ಟಿತು. ಹೊಳೆಯ ಉದ್ದಕ್ಕೂ ಇರುವ 70ಕ್ಕೂ ಹೆಚ್ಚು ಹಳ್ಳಿಗಳ ಪ್ರತಿನಿಧಿಗಳು ಅದರಲ್ಲಿದ್ದರು. ಪಕ್ಷವಿಲ್ಲ, ಸಂಬಳವಿಲ್ಲ. ಪ್ರತಿ ಹಳ್ಳಿಯ ಗ್ರಾಮಸಭೆ ತನ್ನವರನ್ನು ಕಳಿಸುತ್ತದೆ. ತಾಲ್ಲೂಕು, ಪಂಚಾಯಿತಿಗಳ ಗಡಿ ಇಲ್ಲಿ ಲೆಕ್ಕಕ್ಕಿಲ್ಲ. ಒಂದೇ ಹೊಳೆಗೆ ಮಳೆನೀರು ಹರಿಸುವ ಊರುಗಳೆಲ್ಲ ಒಂದೇ ಸಭೆ.

ಇವರು ಮಾಡಿಕೊಂಡ ಕಟ್ಟುಪಾಡುಗಳು ಹನ್ನೊಂದು. ಕಬ್ಬು, ಭತ್ತದಂಥ ನೀರು ಕುಡಿಯುವ ಬೆಳೆ ಬೇಡ. ಹೊಳೆಯಿಂದ ನೇರವಾಗಿ ನೀರೆತ್ತುವುದು ಹೋಳಿ ಹಬ್ಬದ ತನಕ ಮಾತ್ರ. ಅಲ್ಲಿಂದ ಮಳೆ ಬರುವವರೆಗೆ ಹೊಳೆಯ ನೀರು ದನಕರುಗಳಿಗೆ. ಆಳದ ಕೊಳವೆಬಾವಿ ಕೊರೆದು ನೀರು ಎಳೆಯಬಾರದು. ಗಣಿಗೆ, ಕಾರ್ಖಾನೆಗೆ ಜಮೀನು ಮಾರಬಾರದು. ಹಸಿ ಮರ ಕಡಿಯಬಾರದು, ಬೇಟೆಯಾಡಬಾರದು. ಮೇಯಿಸುವುದಕ್ಕೂ ಮಿತಿ. ಹಳೆಯ ಜೋಹಡ್‌ಗಳನ್ನು ಊರೇ ನೋಡಿಕೊಳ್ಳಬೇಕು.

ಇವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಹೋಳಿಯ ಗಡುವು. ಬಾವಿಯ ಮಟ್ಟ ಅಳೆಯಲು ಮೀಟರ್ ಬೇಕು, ಓದು ಬೇಕು. ಹೋಳಿ ಯಾವಾಗ ಎಂದು ಎಲ್ಲರಿಗೂ ಗೊತ್ತು. ಹಿಂಗಾರಿ ಗೋಧಿಗೆ ಕೊನೆಯ ನೀರು ಕೊಡುವ ಹೊತ್ತಿಗೆ ಹೋಳಿ ಬರುತ್ತದೆ. ಅಲ್ಲಿಂದಾಚೆ ನೀರೆತ್ತುವವನು ಬೇಸಿಗೆ ಬೆಳೆ ಹಾಕಿದ್ದಾನೆಂದೇ ಅರ್ಥ. ನಿಯಮ ಮುರಿದವನು ಯಾರೆಂದು ಅಕ್ಕಪಕ್ಕದವರಿಗೆ ದಡದಲ್ಲಿ ನಿಂತರೆ ಕಾಣುತ್ತದೆ. ಪೊಲೀಸರಿಲ್ಲದ ನಿಯಮ ನಿಲ್ಲಬೇಕಾದರೆ ಅದು ಹೀಗೆ ಎಲ್ಲರ ಕಣ್ಣಿಗೂ ಬೀಳುವಂತಿರಬೇಕು.

ಈ ಸಂಸತ್ತಿಗೆ ಕಾನೂನಿನ ಬಲ ಇಲ್ಲ. ಸಭೆ ಸೇರುತ್ತದೆ, ದೂರು ಕೇಳುತ್ತದೆ, ಗ್ರಾಮಸಭೆಯ ಮೂಲಕ ಬುದ್ಧಿ ಹೇಳುತ್ತದೆ, ದಂಡ ಹಾಕಿಸುತ್ತದೆ. ಊರಿನ ಮರ್ಯಾದೆಯ ಭಯವೇ ಅದರ ಅಧಿಕಾರ. ಹೊರಗಿನ ಕಂಪನಿಯೋ, ಊರ ಮಾತಿಗೆ ಬಗ್ಗದ ದೊಡ್ಡ ಜಮೀನುದಾರನೋ ಎದುರಾದರೆ ಈ ಅಧಿಕಾರ ಸಾಲದು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ.

2000ನೇ ಇಸವಿಯ ಮಾರ್ಚ್‌ನಲ್ಲಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಹಮೀರ್‌ಪುರಕ್ಕೇ ಬಂದು ಭಾಂವತಾ-ಕೋಲ್ಯಾಲಾ ಹಳ್ಳಿಗೆ ಪ್ರಶಸ್ತಿ ಕೊಟ್ಟರು. ರಾಜೇಂದ್ರ ಸಿಂಗ್ ಅವರಿಗೆ 2001ರಲ್ಲಿ ಮ್ಯಾಗ್ಸೆಸೆ, 2015ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಬಂತು. ಅದೇ 2015ರ ಆಗಸ್ಟ್‌ನಲ್ಲಿ ನಮ್ಮ ವಿಜಯಪುರದಲ್ಲಿ ನಡೆದ ರಾಷ್ಟ್ರೀಯ ಜಲ ಸಮ್ಮೇಳನಕ್ಕೂ ಅವರು ಬಂದಿದ್ದರು.

ಲೆಕ್ಕ ಹಾಕಿದಾಗ ಕಂಡದ್ದು

ಪ್ರಶಸ್ತಿಗಳ ನಂತರ ಸಂಶೋಧಕರೂ ಬಂದರು. 2010–11ರ ಸುಮಾರಿಗೆ ಪ್ರಕಟವಾದ ಜಲವಿಜ್ಞಾನದ ಎರಡು ಲೇಖನಗಳು ಅರವರಿಯ 476 ಚದರ ಕಿಲೋಮೀಟರ್ ಜಲಾನಯನ ಪ್ರದೇಶವನ್ನೇ ತೆಗೆದುಕೊಂಡು ಅಳತೆ ಮಾಡಿದವು. ಈ ರಚನೆಗಳಿಂದ ಅಲ್ಲಿ ಬೀಳುವ ಮಳೆಯ ಸುಮಾರು 7 ಶೇಕಡದಷ್ಟು ನೆಲಕ್ಕೆ ಇಂಗುತ್ತದೆ ಎಂದು ಒಂದು ಲೇಖನ ಲೆಕ್ಕ ಹಾಕಿತು. ಒಳ್ಳೆಯ ಮಳೆಯ ವರ್ಷದಲ್ಲೂ ಕಡಿಮೆ ಮಳೆಯ ವರ್ಷದಲ್ಲೂ ಈ ಪಾಲು ಹೆಚ್ಚುಕಡಿಮೆ ಅಷ್ಟೇ. ಒಣ ಸೀಮೆಗೆ ಇದು ಸಣ್ಣ ಮಾತಲ್ಲ. ಬರದ ವರ್ಷದಲ್ಲಿ ಬಾವಿಯಲ್ಲಿ ಒಂದಿಷ್ಟು ನೀರು ಉಳಿಯುವುದು ಇದರಿಂದಲೇ.

ಇನ್ನೊಂದು ಲೇಖನ ಹೇಳಿದ್ದು ಸಂಭ್ರಮಿಸುವಂಥದ್ದಲ್ಲ, ಆದರೆ ನಮಗೆ ತುಂಬಾ ಬೇಕಾದದ್ದು. ರಚನೆಗಳು ಹೆಚ್ಚುತ್ತಾ ಹೋದಂತೆ ಅಂತರ್ಜಲಕ್ಕೆ ಲಾಭವಾಗುತ್ತದೆ, ಆದರೆ ಒಂದು ಹಂತದವರೆಗೆ ಮಾತ್ರ. ಅದರಾಚೆ ಕಟ್ಟಿದ್ದು ಅಂತರ್ಜಲಕ್ಕೆ ಹೆಚ್ಚೇನೂ ಸೇರಿಸುವುದಿಲ್ಲ, ಹೊಳೆಯ ಹರಿವನ್ನು ಕಡಿಮೆ ಮಾಡುತ್ತದೆ. ಕೆಳಗಿನವರ ಪಾಲನ್ನು ಮೇಲೆಯೇ ಹಿಡಿದಂತಾಗುತ್ತದೆ. ಇನ್ನು, ನೀರು ಬಂತೆಂದು ನೀರಾವರಿ ಜಮೀನನ್ನು ಬೆಳೆಸುತ್ತಾ ಹೋದರೆ ಬರ ತಡೆದುಕೊಳ್ಳುವ ಶಕ್ತಿಯೇ ಕುಗ್ಗುತ್ತದೆ. ಇಂಗಿದ್ದಷ್ಟೂ ಪಂಪಿನಲ್ಲಿ ಮೇಲೆ ಬಂದುಬಿಡುತ್ತದೆ.

ಜೋಹಡ್‌ನ ಕೆಲಸ ಗೊತ್ತಿದ್ದವರಿಗೆ ಇದು ಆಶ್ಚರ್ಯವಲ್ಲ. ಬಾವಿಯ ಮಟ್ಟ ಹೊಳೆಯ ತಳಕ್ಕಿಂತ ಕೆಳಗಿಳಿದರೆ ಹೊಳೆ ನಿಲ್ಲುತ್ತದೆ. ಬಾವಿಯ ನೀರು, ಹೊಳೆಯ ನೀರು ಬೇರೆ ಬೇರೆಯಲ್ಲ. ಹಾಗಾಗಿ ‘375 ಏರಿ ಕಟ್ಟಿದರು, ಹೊಳೆ ಹರಿಯಿತು’ ಎಂಬ ಲೆಕ್ಕ ಅರ್ಧ ಮಾತ್ರ. ಕಬ್ಬು, ಭತ್ತ ಬೇಡ ಎಂಬ ಆ ಕಟ್ಟುಪಾಡಿಲ್ಲದೆ ಲೆಕ್ಕ ಕೂಡುವುದಿಲ್ಲ. ಓದುಬರಹ ಬಾರದ ಎಷ್ಟೋ ರೈತರು ಕೂತಿದ್ದ ಆ ಸಂಸತ್ತು 1999ರಲ್ಲೇ ಇದನ್ನು ನಿಯಮವಾಗಿ ಬರೆದಿಟ್ಟಿತ್ತು. ಸಂಶೋಧನೆಯ ಮಾದರಿಗಳು ಅದನ್ನು ತೋರಿಸಿದ್ದು ಹತ್ತು ವರ್ಷದ ನಂತರ. ಆ ರೈತರ ಬಗ್ಗೆ ನನಗೆ ಅಪಾರ ಗೌರವ ಇರುವುದು ಇದಕ್ಕೇ.

ಕಟ್ಟುವ ಕೆಲಸದಲ್ಲೂ ಸೋಲುಗಳಿದ್ದವು. ರೂಪಾರೇಲ್ ಕಣಿವೆಯ ಲಾವಾ ಕಾ ಬಾಸ್ ಎಂಬಲ್ಲಿ ಊರಿನವರು 2001ರಲ್ಲಿ ಕಟ್ಟಿದ ಅಣೆಕಟ್ಟನ್ನು ಒಡೆಯಲು ಇಲಾಖೆ ಮುಂದಾದಾಗ ದೇಶದೆಲ್ಲೆಡೆ ಸುದ್ದಿಯಾಯಿತು, ಊರಿನವರು ಉಳಿಸಿಕೊಂಡರು. 2003ರ ಮಳೆಗಾಲದಲ್ಲಿ ಅದು ಒಡೆದುಹೋಯಿತು. ಸಣ್ಣ ಏರಿಗೆ ಊರ ಅನುಭವ ಸಾಕು. ಗಾತ್ರ ದೊಡ್ಡದಾದಷ್ಟೂ ಎಂಜಿನಿಯರರ ಸಲಹೆ ಕೇಳುವುದು ಒಳ್ಳೆಯದು. ಅದರಿಂದ ಊರಿನ ಸ್ವಾಭಿಮಾನ ಕಡಿಮೆಯಾಗುವುದಿಲ್ಲ.

ನಮ್ಮ ಕಡೆಗೆ ತಂದು ನೋಡಿದರೆ

ಕರ್ನಾಟಕದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎನ್ನುತ್ತಾರೆ. ಹತ್ತು ಹದಿನೈದು ವರ್ಷದಿಂದ ಹೂಳೆತ್ತುವ ಕೆಲಸ ಜಿಲ್ಲೆ ಜಿಲ್ಲೆಯಲ್ಲೂ ನಡೆದಿದೆ. ಊರಿನವರು ಚಂದಾ ಎತ್ತುತ್ತಾರೆ, ಯುವಕರು ರಜೆ ಹಾಕಿ ಬರುತ್ತಾರೆ, ರೈತರು ಗೋಡುಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಒಯ್ಯುತ್ತಾರೆ. ಕೆರೆ ತುಂಬಿದ ದಿನ ಬಾಗಿನ ಕೊಡುತ್ತಾರೆ. ನೋಡಲು ಕಣ್ಣು ತುಂಬಿ ಬರುತ್ತದೆ.

ಅಲ್ಲಿಂದ ಮುಂದೆ? ಅಂತರ್ಜಲ ಏರಿತು ಎಂಬ ಸುದ್ದಿ ಬಂದ ಮೇಲೆ ಹೊಸ ಬೋರ್‌ವೆಲ್‌ಗಳು ಬರುತ್ತವೆ. ರಾಗಿ, ಜೋಳದ ಹೊಲ ಅಡಿಕೆ ತೋಟವಾಗುತ್ತದೆ. ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಕರೆಂಟು ಉಚಿತ, ಹಾಗಾಗಿ ಎತ್ತುವ ನೀರಿಗೆ ಲೆಕ್ಕವೂ ಇಲ್ಲ. ಇದರಲ್ಲಿ ರೈತನನ್ನು ಬೈದು ಫಲವಿಲ್ಲ. ಪಕ್ಕದವನು ನಿಲ್ಲಿಸುವ ಭರವಸೆ ಇಲ್ಲದಿರುವಾಗ ತಾನೊಬ್ಬನೇ ನಿಲ್ಲಿಸಿದರೆ ನಷ್ಟ ಅವನಿಗೇ. ಆ ಭರವಸೆ ಸಿಗುವುದು ಎಲ್ಲರೂ ಒಟ್ಟಿಗೆ ಕೂತು ಮಾತು ಕೊಟ್ಟಾಗ.

ನಮ್ಮಲ್ಲಿ ಇಂಥದ್ದು ಇರಲೇ ಇಲ್ಲ ಎಂದೇನೂ ಅಲ್ಲ. ಹಳೇ ಮೈಸೂರು ಸೀಮೆಯ ಕೆರೆಗಳಿಗೆ ನೀರುಗಂಟಿ ಇದ್ದರು. ತೂಬು ಎತ್ತುವುದು, ಯಾರ ಗದ್ದೆಗೆ ಯಾವಾಗ ನೀರು ಎಂದು ಹಂಚುವುದು ಅವರ ಕೆಲಸ. ಸುಗ್ಗಿಯಲ್ಲಿ ಗದ್ದೆ ಗದ್ದೆಯಿಂದಲೂ ಅವರಿಗೆ ಧಾನ್ಯ ಸಲ್ಲುತ್ತಿತ್ತು. ಕೆರೆಯಲ್ಲಿ ನೀರು ಕಡಿಮೆ ಇದ್ದ ವರ್ಷ ಎಷ್ಟು ಜಮೀನಿಗೆ ಭತ್ತ, ಎಷ್ಟಕ್ಕೆ ಇಲ್ಲ ಎಂದು ಊರು ಮೊದಲೇ ತೀರ್ಮಾನ ಮಾಡುತ್ತಿತ್ತು. ಬೋರ್‌ವೆಲ್ ಬಂದ ಮೇಲೆ ನೀರು ಅವರವರ ಜಮೀನಿನ ಸ್ವತ್ತಾಯಿತು, ನೀರುಗಂಟಿಯ ಮಾತಿಗೆ ಬೆಲೆ ಹೋಯಿತು.

ಕೆರೆ ಸಮಿತಿಗಳಲ್ಲಿ ದುಡಿಯುವ ಗೆಳೆಯರಿಗೆ ನಾನು ಕೇಳುವುದು ಇಷ್ಟು. ಜೆಸಿಬಿ ಗೊತ್ತು ಮಾಡುವ ಮೊದಲಿನ ಸಭೆಯಲ್ಲೇ ಎರಡು ಪುಟ ಬರೆದಿಡಿ. ಮೊದಲ ಪುಟದಲ್ಲಿ ಕೆರೆಯ ಕೆಳಗಿನ ಬಾವಿ, ಬೋರ್‌ವೆಲ್‌ಗಳು ಎಷ್ಟು, ಯಾವ ಬೆಳೆ ಎಷ್ಟು ಎಕರೆ, ಬೇಸಿಗೆಯಲ್ಲಿ ನೀರು ಎಷ್ಟು ಅಡಿಗೆ ಸಿಗುತ್ತದೆ. ಎರಡನೆಯ ಪುಟದಲ್ಲಿ ಕೆರೆ ತುಂಬಿದ ಮೇಲೆ ಊರು ಏನನ್ನು ಬಿಡುತ್ತದೆ: ಹೊಸ ಬೋರ್ ಎಷ್ಟು ದೂರದಲ್ಲಿ ಬೇಡ, ಯಾವ ಹಬ್ಬದಾಚೆ ಕೆರೆಗೆ ಪಂಪು ಇಡುವ ಹಾಗಿಲ್ಲ, ದನಕರುಗಳಿಗೆಂದು ಎಷ್ಟು ನೀರು ಉಳಿಯಬೇಕು. ಕೆರೆಯ ಹಿಂದಿನ, ಮುಂದಿನ ಊರಿನವರನ್ನೂ ಆ ಸಭೆಗೆ ಕರೆಯಿರಿ. ಕೆರೆ ಖಾಲಿ ಇರುವಾಗ ಇದಕ್ಕೆ ಎಲ್ಲರೂ ಸಹಿ ಹಾಕುತ್ತಾರೆ. ತುಂಬಿದ ಮೇಲೆ ಕೇಳಿದರೆ ಒಬ್ಬೊಬ್ಬರದ್ದೂ ಒಂದೊಂದು ಮಾತು ಶುರುವಾಗುತ್ತದೆ.